ಆರ್ಡುಯಿನೊ: ಕಲಾವಿದ್ಯಾರ್ಥಿಗೂ ಎಟುಕುವ ಎಲೆಕ್ಟ್ರಾನಿಕ್ಸ್

ರೋಬೋಟ್, ಚಲಿಸುವ ಶಿಲ್ಪ ಇವೆಲ್ಲ ಇಂಜಿನಿಯರರ ಸೊತ್ತೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ 2005ರಲ್ಲಿ ಇಟಲಿಯ ಇವ್ರೆಯಾ ಪಟ್ಟಣದ ವಿನ್ಯಾಸ ಸಂಸ್ಥೆಯೊಂದರಲ್ಲಿ ಮಸ್ಸಿಮೊ ಬಾಂಜಿ ಮತ್ತು ಸಂಗಡಿಗರು ‘ಆರ್ಡುಯಿನೊ’ ಫಲಕವನ್ನು ರೂಪಿಸಿದ್ದೇ ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳಿಗಾಗಿ. ಅದೇ ಸಂಸ್ಥೆಯ ವಿದ್ಯಾರ್ಥಿ ಹೆರ್ನಾಂಡೊ ಬರಗಾನ್ 2003ರಲ್ಲಿ ಆರಂಭಿಸಿದ ‘ವೈರಿಂಗ್’ ಇದರ ತಳಹದಿ. ಇದನ್ನು ಹಲವರು ಮರೆಯುತ್ತಾರೆ.

ಅಂಗೈಗಿಂತ ಚಿಕ್ಕದಾದ ‘ಊನೊ’ ಮಾದರಿಯಲ್ಲಿ 14 ಡಿಜಿಟಲ್ ಪಿನ್‌ಗಳಿವೆ. ಕಂಪ್ಯೂಟರಿನಲ್ಲಿ ಬರೆದ ಆದೇಶಗಳನ್ನು ತಂತಿಯ ಮೂಲಕ ಫಲಕಕ್ಕೆ ಕಳುಹಿಸಿ ಎಲ್‌ಇಡಿ ದೀಪವನ್ನು ಮಿನುಗಿಸುವುದು ಮೊದಲ ಪಾಠ. ಸರ್ವೋ ಮೋಟಾರನ್ನು ಬೇಕಾದ ಕೋನಕ್ಕೆ ತಿರುಗಿಸುವುದು ಅನಂತರದ್ದು. ಗೊಂಬೆಯ ಕೈ ಮೇಲೇಳುವುದು ಇಲ್ಲಿಂದಲೇ. ಸಾಮಾನ್ಯ ಮೋಟಾರನ್ನು ಮಾತ್ರ ನೇರವಾಗಿ ಪಿನ್ನಿಗೆ ಜೋಡಿಸಕೂಡದು. ಪಿನ್ನು ಸುಮಾರು 20 ಮಿಲಿಆಂಪಿಯರ್ ವಿದ್ಯುತ್ತನ್ನಷ್ಟೇ ಸುರಕ್ಷಿತವಾಗಿ ನೀಡಬಲ್ಲದು. ಮೋಟಾರಿಗೆ ಅದರ ಹಲವು ಪಟ್ಟು ಬೇಕು. ನಡುವೆ ಮೋಟಾರ್ ಡ್ರೈವರ್, ಜೊತೆಗೆ ಪ್ರತ್ಯೇಕ ಬ್ಯಾಟರಿ ಇರಲಿ.