ಲಿಬ್ರೆಆಫೀಸ್ ಕವಲೊಡೆದ ಬಗೆ: ಹಕ್ಕುಸ್ವಾಮ್ಯದ ಒಂದು ಒಪ್ಪಂದವನ್ನು ಕುರಿತ ಟಿಪ್ಪಣಿ

2010ರ ಸೆಪ್ಟೆಂಬರ್ 28ರಂದು ಓಪನ್‌ಆಫೀಸ್.ಆರ್ಗ್ ಎಂಬ ಆಫೀಸ್ ತಂತ್ರಾಂಶ ಯೋಜನೆಯ ಹಲವು ಪ್ರಮುಖರು ‘ದಿ ಡಾಕ್ಯುಮೆಂಟ್ ಫೌಂಡೇಶನ್’ ಹುಟ್ಟುಹಾಕುತ್ತಿರುವುದಾಗಿ ಘೋಷಿಸಿ, ಅದೇ ಸೋರ್ಸ್ ಕೋಡಿನಿಂದ ಲಿಬ್ರೆಆಫೀಸ್ ಎಂಬ ಕವಲನ್ನು ತೆಗೆದರು. ಆ ವರ್ಷದ ಜನವರಿಯಲ್ಲಷ್ಟೇ ಒರಾಕಲ್ ಕಂಪನಿ ಆ ಯೋಜನೆಯ ಒಡೆಯ ಸನ್ ಮೈಕ್ರೋಸಿಸ್ಟಮ್ಸನ್ನು ಕೊಂಡಿತ್ತು. ಹಾಗಾಗಿ ಒಡಕಿಗೆ ಆ ಖರೀದಿಯೇ ಕಾರಣವೆಂದು ಹೇಳುವುದು ರೂಢಿ. ಕವಲು ಯಾವಾಗ ಒಡೆಯಿತು ಎಂಬುದಕ್ಕೆ ಖರೀದಿ ಉತ್ತರವಾಗಬಲ್ಲದು. ಏಕೆ ಒಡೆಯಿತು ಎಂಬುದಕ್ಕೆ ಸನ್ ಕಾಲದ ಹಕ್ಕುಸ್ವಾಮ್ಯ ಒಪ್ಪಂದವನ್ನು ನೋಡಬೇಕು ಎಂಬುದು ಈ ಟಿಪ್ಪಣಿಯ ವಾದ.

ಜರ್ಮನಿಯ ಸ್ಟಾರ್ ಡಿವಿಷನ್ ಕಂಪನಿಯನ್ನು ಸನ್ 1999ರಲ್ಲಿ ಕೊಂಡಿತು. ಆ ಕಂಪನಿಯ ಸ್ಟಾರ್‌ಆಫೀಸ್ ತಂತ್ರಾಂಶದ ಸೋರ್ಸ್ ಕೋಡನ್ನು 2000ದ ಅಕ್ಟೋಬರ್ 13ರಂದು ಓಪನ್‌ಆಫೀಸ್.ಆರ್ಗ್ ಹೆಸರಿನಲ್ಲಿ ಮುಕ್ತಗೊಳಿಸಿತು. ಆದರೆ ಹೊರಗಿನವರ ಕೋಡ್ ಮೂಲ ಯೋಜನೆಗೆ ಸೇರಬೇಕಾದರೆ ಬರೆದವರು ಅದರ ಹಕ್ಕುಸ್ವಾಮ್ಯದಲ್ಲಿ ಸನ್‌ಗೂ ಪಾಲು ಕೊಡಬೇಕಿತ್ತು. ಇದರಿಂದ ಅದೇ ಕೋಡನ್ನು ಸ್ಟಾರ್‌ಆಫೀಸ್ ಹೆಸರಿನಲ್ಲಿ ಮಾರಲು ಸನ್‌ಗೆ ದಾರಿಯಿತ್ತು. ಒಪ್ಪಂದಕ್ಕೆ ಒಪ್ಪದವರ ಕೆಲಸವೂ ಮೂಲದಲ್ಲಿ ಜಾಗ ಸಿಗದ ತಿದ್ದುಪಡಿಗಳೂ ಹೊರಗೇ ಕೂಡಿಕೊಳ್ಳುತ್ತ ಹೋದವು. ನೊವೆಲ್ ಕಂಪನಿಯ ಎಂಜಿನಿಯರುಗಳು ಮುನ್ನಡೆಸಿದ ‘ಗೋ-ಊ’ ಇಂಥ ತಿದ್ದುಪಡಿಗಳ ಕಂತೆ. ಹಲವು ಲಿನಕ್ಸ್ ವಿತರಣೆಗಳ ಬಳಕೆದಾರರು ಓಪನ್‌ಆಫೀಸ್ ಎಂದು ತೆರೆಯುತ್ತಿದ್ದುದು ಈ ಕಂತೆ ಸೇರಿದ ಆವೃತ್ತಿಯನ್ನೇ. ಅಂದರೆ 2010ಕ್ಕೆ ಮೊದಲೇ ಅರೆಗವಲೊಂದು ಬೆಳೆದು ನಿಂತಿತ್ತು. ಲಿಬ್ರೆಆಫೀಸ್ ಆ ತಿದ್ದುಪಡಿಗಳನ್ನು ಒಳಕ್ಕೆ ತೆಗೆದುಕೊಂಡಿತು, ಹಕ್ಕುಸ್ವಾಮ್ಯದಲ್ಲಿ ಪಾಲು ಕೊಡಬೇಕೆಂಬ ಷರತ್ತನ್ನೂ ಕೈಬಿಟ್ಟಿತು.

ಅದೇ ಒಪ್ಪಂದಕ್ಕೆ ಇನ್ನೊಂದು ಪರಿಣಾಮವೂ ಇದೆ. ಹಕ್ಕು ಒಂದೇ ಕೈಯಲ್ಲಿ ಸೇರಿದ್ದರಿಂದಲೇ ಒರಾಕಲ್ 2011ರ ಜೂನ್‌ನಲ್ಲಿ ಇಡೀ ಕೋಡನ್ನು ಅಪಾಚೆ ಫೌಂಡೇಶನ್ನಿಗೆ ಒಪ್ಪಿಸಲು ಸಾಧ್ಯವಾಯಿತು, ಅದರ ಪರವಾನಗಿ ಎಲ್‌ಜಿಪಿಎಲ್‌ನಿಂದ ಅಪಾಚೆ 2.0ಕ್ಕೆ ಬದಲಾಯಿತು. ಅಪಾಚೆ ಪರವಾನಗಿಯ ಕೋಡನ್ನು ಲಿಬ್ರೆಆಫೀಸ್ ಬಳಸಿಕೊಳ್ಳಬಹುದು. ಎಲ್‌ಜಿಪಿಎಲ್ ಮತ್ತು ಎಂಪಿಎಲ್ ಅಡಿಯಲ್ಲಿರುವ ಲಿಬ್ರೆಆಫೀಸ್ ಕೋಡನ್ನು ಅಪಾಚೆ ತನ್ನ ನಿಯಮದಂತೆ ಸೇರಿಸಿಕೊಳ್ಳುವಂತಿಲ್ಲ. ನೀರು ಒಂದೇ ಕಡೆಗೆ ಹರಿಯತೊಡಗಿತು. ಐಬಿಎಂ ತನ್ನ ಸಿಂಫನಿ ಎಂಬ ಆಫೀಸ್ ತಂತ್ರಾಂಶದಿಂದ ಕೊಟ್ಟ ಸೈಡ್‌ಬಾರ್ 2013ರಲ್ಲಿ ಅಪಾಚೆ ಓಪನ್‌ಆಫೀಸ್ 4.0ಕ್ಕೆ ಬಂತು. ಅದೇ ವರ್ಷ ಲಿಬ್ರೆಆಫೀಸ್ 4.1ರಲ್ಲೂ ಪ್ರಾಯೋಗಿಕವಾಗಿ ಕಾಣಿಸಿಕೊಂಡಿತು.

ಕನ್ನಡದಲ್ಲಿ ಬರೆಯುವವರಿಗೆ ಇದು ದೂರದ ಸಂಗತಿಯಲ್ಲ. 2017ರ ಲಿಬ್ರೆಆಫೀಸ್ 5.3ರಿಂದ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಅಕ್ಷರ ಜೋಡಣೆಯನ್ನು ಹಾರ್ಫ್‌ಬಜ್ ಎಂಬ ಒಂದೇ ತಂತ್ರಾಂಶ ನೋಡಿಕೊಳ್ಳುತ್ತದೆ. ಒತ್ತಕ್ಷರ, ಅರ್ಕಾವತ್ತುಗಳು ಸರಿಯಾದ ಜಾಗದಲ್ಲಿ ಕೂರುವುದು ಇಂಥ ಜೋಡಣೆಯಿಂದ. ಈ ಬದಲಾವಣೆಗಾಗಿ ಲಿಬ್ರೆಆಫೀಸ್‌ನಲ್ಲಿ ಬರೆದ ಕೋಡ್, ಬರೆದವರ ಪ್ರತ್ಯೇಕ ಅನುಮತಿಯಿಲ್ಲದೆ, ಅಪಾಚೆ ಓಪನ್‌ಆಫೀಸ್‌ಗೆ ಮರಳದು.

ಒರಾಕಲ್‌ನ ನಡೆಗಳಿಗೆ ಈ ಒಡಕಿನಲ್ಲಿ ಪಾಲಿಲ್ಲವೆಂದು ಇದರ ಅರ್ಥವಲ್ಲ. ಒಡೆತನ ಕೈ ಬದಲಾದಾಗ ಹೊಸ ಒಡೆಯನಿಗೆ ದಕ್ಕಿದ ಅಧಿಕಾರವನ್ನು ಹತ್ತು ವರ್ಷ ಹಿಂದಿನ ಒಪ್ಪಂದವೇ ಕೊಟ್ಟಿತ್ತು. ಆದ್ದರಿಂದ ಕವಲೊಡೆದ ತಂತ್ರಾಂಶಗಳ ಚರಿತ್ರೆಯಲ್ಲಿ ಕೋಡ್ ಬೇರೆಯಾದ ದಿನಾಂಕಕ್ಕಿಂತ ಮೊದಲು, ದುಡಿದವರು ಸಹಿ ಹಾಕಿದ ಕಾಗದವನ್ನು ಓದಬೇಕು.