ಒಂದೇ ಕಾರು, ಎರಡು ಆಟ



ಕಳೆದ ತಿಂಗಳು ಕಾರ್ಯಕ್ರಮ ಮುಗಿಸಿ ಹೆಡ್‌ಫೋನ್ ಕೆಳಗಿಡುತ್ತಿದ್ದೆ, ತಿರುಮಲಗಿರಿಯಿಂದ ಒಂದು ಫೋನ್ ಬಂತು. ಹಾಡಿನ ಕೋರಿಕೆ ಇರಬೇಕು ಅಂದುಕೊಂಡೆ. ಅಲ್ಲ! ಬೀದರ್ ಕಡೆಯ ಅಕ್ಕ ಒಬ್ಬರು. "ನೋಡ್ರಿ ಸರ್, ನಮ್ಮ ಹುಡುಗನ ಹತ್ರ ಕಾರ್ ರೇಸಿನ ಗೇಮ್ ಒಂದದ. ಈಗ ಕಾಂಪಿಟಿಷನ್ನಿಗಂತ ಅದರದೇ ಬ್ಯಾರೆ ಒಂದು ಬರ್ತದಂತ, ಅದನ್ನೂ ಕೊಡ್ಸು ಅಂತಾನ. ಖರೇನೇ ಹಂಗದ ಏನ್ರಿ, ಇಲ್ಲಾ ನನ್ನ ಕಿವಿಗೆ ಹೂವ ಇಡ್ಲಿಕ್ಹತ್ತಾನೇನು?"

ಹುಡುಗ ಸುಳ್ಳು ಹೇಳಿಲ್ಲ ಅಕ್ಕಾ ಅಂದೆ. ಆದರೆ ಎರಡು ಹಾಡಿನ ನಡುವೆ ಹೇಳಿ ಮುಗಿಸುವ ಕಥೆ ಅದಲ್ಲ. ಅದಕ್ಕೇ ಈ ಸಲದ ಪುಟ.

ಸ್ವಲ್ಪ 2006ಕ್ಕೆ ಹೋಗಿಬರೋಣ ಬನ್ನಿ. ಆಗ ನಾನು ಸಿಕಂದರಾಬಾದಿನಲ್ಲಿ ಇಂಟರ್ ಓದುತ್ತಿದ್ದೆ. ಕ್ಲಾಕ್ ಟವರ್ ಹಿಂದಿನ ಗಲ್ಲಿಯಲ್ಲಿ, ಮೊದಲ ಮಹಡಿಯ ಮೇಲೆ ಒಂದು ಸೈಬರ್ ಕೆಫೆ. ಎಂಟು ಕಂಪ್ಯೂಟರ್, ಗಂಟೆಗೆ 20 ರೂಪಾಯಿ, ಒಂದೇ ಒಂದು ಫ್ಯಾನು. ಮನೆಯಲ್ಲಿ ಟ್ಯೂಷನ್ ಅಂತ ಹೇಳಿ ಹೊರಟವರೆಲ್ಲ ಅಲ್ಲೇ ಸಿಗುತ್ತಿದ್ದೆವು. ಹಿಂದಿನ ವರ್ಷದ ಕೊನೆಗೆ ಬಂದಿದ್ದ 'ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್' ಎಲ್ಲರ ತಲೆಗೇರಿತ್ತು. ಅದರಲ್ಲಿ ಗೆಲ್ಲುವುದಕ್ಕಿಂತ ಪೊಲೀಸರನ್ನು ಊರೆಲ್ಲಾ ಓಡಾಡಿಸುವುದೇ ದೊಡ್ಡ ಮಜಾ. ಸೈರನ್ ಕೇಳಿಸಿದರೆ ಸಾಕು, ಹಿಂದೆ ನಿಂತವರೂ ಕಿರುಚುತ್ತಿದ್ದರು.

ಅದೇ ವರ್ಷದ ಅಕ್ಟೋಬರಿನಲ್ಲಿ 'ವರ್ಲ್ಡ್ ಸೈಬರ್ ಗೇಮ್ಸ್' ಫೈನಲ್ ನಡೆದದ್ದು ಇಟಲಿಯ ಮೋಂಜಾದಲ್ಲಿ. ಹೌದು, ಫಾರ್ಮುಲಾ ವನ್ ರೇಸು ನಡೆಯುವ ಅದೇ ಮೋಂಜಾ! 2004ರಲ್ಲಿ 'ಅಂಡರ್‌ಗ್ರೌಂಡ್', 2005ರಲ್ಲಿ 'ಅಂಡರ್‌ಗ್ರೌಂಡ್ 2' ಆಡಿಸಿದ್ದ ಆ ಕೂಟದಲ್ಲಿ ಈ ಬಾರಿ ಇದೇ ಮೋಸ್ಟ್ ವಾಂಟೆಡ್ ಇತ್ತು. ಆದರೆ ನಾವು ಕಿರುಚುತ್ತಿದ್ದ ಪೊಲೀಸರು ಅಲ್ಲಿರಲಿಲ್ಲ. ಒಬ್ಬರೆದುರು ಒಬ್ಬರು ಆಡುವ ವಿಭಾಗದಲ್ಲಿ ಪೊಲೀಸರನ್ನೇ ಇಟ್ಟಿರಲಿಲ್ಲ. ಯಾಕೆ? ಯೋಚಿಸಿ ನೋಡಿ. ಒಬ್ಬನಿಗೆ ಅಡ್ಡ ಬಂದ ಜೀಪು ಇನ್ನೊಬ್ಬನಿಗೆ ಅಡ್ಡ ಬರದಿದ್ದರೆ ಬಹುಮಾನ ಯಾರ ಕೈಚಳಕಕ್ಕೆ ಕೊಟ್ಟಂತಾಯಿತು? ಮನೆಯ ಆಟಕ್ಕೆ ರುಚಿ ಕೊಡುವ ಒಗ್ಗರಣೆಯೇ ಪಂದ್ಯಕ್ಕೆ ತಕರಾರು.

ಈ ತಕರಾರಿಗೆ ಬೇರೆಯದೇ ಉತ್ತರ ಹುಡುಕಿದ್ದು ಫ್ರಾನ್ಸಿನ 'ನಾಡಿಯೊ' ಎಂಬ ಪುಟ್ಟ ಕಂಪನಿ. 2003ರಲ್ಲಿ ಅವರದು 'ಟ್ರ್ಯಾಕ್‌ಮೇನಿಯಾ' ಎಂಬ ಆಟ ಬಂದಿತ್ತು. ಮಕ್ಕಳ ಆಟಿಕೆಯ ಪಟ್ಟಿಗಳಂತೆ ರಸ್ತೆಯ ತುಂಡುಗಳನ್ನು ಜೋಡಿಸಿ ಓಡಿಸುವ ಆಟ ಅದು. ಮರುಭೂಮಿ, ಹಿಮ, ಹಳ್ಳಿದಾರಿ ಅಂತ ಬೇರೆ ಬೇರೆ ಲೋಕ, ಒಂದೊಂದು ಲೋಕಕ್ಕೆ ಒಂದೊಂದು ಕಾರು. ಪ್ಯಾರಿಸಿನಲ್ಲಿ ನಡೆಯುತ್ತಿದ್ದ 'ಎಲೆಕ್ಟ್ರಾನಿಕ್ ಸ್ಪೋರ್ಟ್ಸ್ ವರ್ಲ್ಡ್ ಕಪ್'ಗೆಂದೇ 2006ರ ಜನವರಿಯಲ್ಲಿ ಅವರು 'ಟ್ರ್ಯಾಕ್‌ಮೇನಿಯಾ ನೇಷನ್ಸ್' ಅಂತ ಬೇರೆಯದನ್ನೇ ತಂದರು. ನಮ್ಮ ಅಕ್ಕ ಕೇಳಿದ 'ಕಾಂಪಿಟಿಷನ್ನಿನ ಗೇಮ್' ಅಂದರೆ ಇದೇ ನೋಡಿ, ಹೆಸರಿಗೆ ತಕ್ಕ ಹಾಗೆ! ಲೋಕ ಒಂದೇ, ಕ್ರೀಡಾಂಗಣ. ಕಾರು ಒಂದೇ, ಎಲ್ಲರಿಗೂ ಅದೇ. ದುಡ್ಡು ಗಳಿಸಿ ಎಂಜಿನ್ ಬದಲಾಯಿಸುವ ವ್ಯವಹಾರವೇ ಇಲ್ಲ. ಒಂದು ಕಾರು ಇನ್ನೊಂದಕ್ಕೆ ಗುದ್ದುವುದೂ ಇಲ್ಲ, ದೆವ್ವದ ಹಾಗೆ ಒಂದರೊಳಗಿಂದ ಒಂದು ಹಾದು ಹೋಗುತ್ತವೆ. ಎದುರಾಳಿ ಯಾರಪ್ಪಾ ಅಂದರೆ ಗಡಿಯಾರ, ಅದೂ ಸೆಕೆಂಡಿನ ನೂರರಲ್ಲೊಂದು ಭಾಗದ ಲೆಕ್ಕದಲ್ಲಿ. ತಪ್ಪಿದರೆ ಒಂದು ಗುಂಡಿ ಒತ್ತಿ, ಮತ್ತೆ ಶುರು. ಎಲ್ಲಕ್ಕಿಂತ ಮುಖ್ಯ ಮಾತು: ಆಟ ಉಚಿತ, ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತಿತ್ತು, ಬೇಕಿದ್ದದ್ದು ಬಾಣದ ನಾಲ್ಕು ಕೀಲಿ ಮಾತ್ರ.

ನಮ್ಮ ಕೆಫೆಯಲ್ಲಿ ನೇಷನ್ಸ್‌ನ ರಾಜ ಯಾರು ಗೊತ್ತೇ? ಕೆಳಗಿನ ಇರಾನಿ ಹೋಟೆಲಿನಿಂದ ಚಹಾ ತರುತ್ತಿದ್ದ ಹುಡುಗ. ಮಧ್ಯಾಹ್ನ ಯಂತ್ರಗಳು ಖಾಲಿ ಇದ್ದಾಗ ಮಾಲೀಕರು ಅವನನ್ನು ಸುಮ್ಮನೆ ಕೂರಲು ಬಿಡುತ್ತಿದ್ದರು. ನಾವು ಮೋಸ್ಟ್ ವಾಂಟೆಡ್‌ನಲ್ಲಿ ಬಣ್ಣದ ಕಾರು ಕೂಡಿಸಿಟ್ಟು ಜಂಬ ಕೊಚ್ಚುತ್ತಿದ್ದೆವು. ನೇಷನ್ಸ್‌ನಲ್ಲಿ ಅವನ ಸಮಯ ಮುಟ್ಟಲು ಒಬ್ಬರಿಗೂ ಆಗಲಿಲ್ಲ. ಟ್ರೇ ಪಕ್ಕಕ್ಕಿಟ್ಟು, ನಿಂತುಕೊಂಡೇ ಆಡುತ್ತಿದ್ದ!

ಎಲ್ಲರನ್ನೂ ಸರಿಸಮ ನಿಲ್ಲಿಸಿ ಓಡಿಸುವ ಈ ಚಿಂತೆ ನಮ್ಮೂರಿಗೆ ಹೊಸತೇನಲ್ಲ. ಮಲಕ್‌ಪೇಟೆಯ ಕುದುರೆ ರೇಸು ನೋಡಿದವರಿಗೆ 'ಹ್ಯಾಂಡಿಕ್ಯಾಪ್' ಗೊತ್ತಿರುತ್ತದೆ. 1886ರಲ್ಲಿ ಅಲ್ಲಿಗೆ ಹೋಗುವ ಮುಂಚೆ ಈ ರೇಸು ನಡೆಯುತ್ತಿದ್ದದ್ದು ನಮ್ಮ ಸಿಕಂದರಾಬಾದಿನ ಮಗ್ಗುಲಿನ ಮೌಲಾಲಿಯಲ್ಲಿ. ಹ್ಯಾಂಡಿಕ್ಯಾಪ್ ಅಂದರೆ ಬಲವಾದ ಕುದುರೆಗೆ ಹೆಚ್ಚು ತೂಕ, ದುರ್ಬಲ ಕುದುರೆಗೆ ಕಡಿಮೆ. ಕಾರ್ ರೇಸಿನಲ್ಲೂ ಇದೇ ಲೆಕ್ಕ: ವೇಗದ ಕಾರಿಗೆ ತೂಕ ಕಟ್ಟುತ್ತಾರೆ, ಎಂಜಿನ್ನಿಗೆ ಗಾಳಿ ಕಡಿಮೆ ಬಿಡುತ್ತಾರೆ. ಆದರೆ ಒಂದು ಮಾತು. ಈ ತೂಕ ಕುದುರೆ ಕುದುರೆಯ ನಡುವಿನ ಅಂತರ ಸರಿಮಾಡುತ್ತದೆಯೇ ಹೊರತು, ಕುದುರೆ ಇದ್ದವನಿಗೂ ಇಲ್ಲದವನಿಗೂ ಇರುವ ಅಂತರವನ್ನಲ್ಲ.

ಮುಂದಿನ ಕಥೆ ಅದೇ. 2017ರ ಅಕ್ಟೋಬರಿನಲ್ಲಿ ಸೋನಿಯವರು 'ಗ್ರಾನ್ ಟುರಿಸ್ಮೊ ಸ್ಪೋರ್ಟ್' ತಂದರು. 1997ರಿಂದ ಬಂದ ಸರಣಿ ಅದು. ಹಿಂದಿನ ಆರನೆಯ ಆಟದಲ್ಲಿ 1200ಕ್ಕೂ ಹೆಚ್ಚು ಕಾರುಗಳಿದ್ದರೆ ಇದರಲ್ಲಿ ಮೊದಲಿಗೆ 160ರ ಆಸುಪಾಸು. ಹಳೆಯ ಅಭಿಮಾನಿಗಳು ಬೈದದ್ದೇ ಬೈದದ್ದು! ಆದರೆ ಉದ್ದೇಶವೇ ಬೇರೆ. ಜಗತ್ತಿನ ಮೋಟಾರು ಕ್ರೀಡೆಯ ಒಕ್ಕೂಟವಾದ ಎಫ್‌ಐಎ ಜೊತೆ ಸೇರಿ ಚಾಂಪಿಯನ್‌ಷಿಪ್ ನಡೆಸಲು ಮಾಡಿದ ಆಟ ಅದು. ವೇಗಕ್ಕೆ ಒಂದು ಅಂಕ, ಸಭ್ಯತೆಗೆ ಇನ್ನೊಂದು. ಪಕ್ಕದವನಿಗೆ ಗುದ್ದಿ ಮುಂದೆ ಹೋದರೆ ಸಭ್ಯತೆಯ ಅಂಕ ಇಳಿಯುತ್ತದೆ. (ಹೀಗೊಂದು ಅಂಕಪಟ್ಟಿ ಪಂಜಾಗುಟ್ಟ ಸಿಗ್ನಲ್ಲಿನಲ್ಲೂ ಇದ್ದಿದ್ದರೆ!) 2019ರಲ್ಲಿ ಇಟಲಿಯ 'ಕುನೋಸ್' ಕಂಪನಿ ಇನ್ನೂ ಮುಂದೆ ಹೋಯಿತು. ಯಾವ ಕಾರನ್ನಾದರೂ ಓಡಿಸಬಹುದಾಗಿದ್ದ ತಮ್ಮ 'ಅಸೆಟ್ಟೊ ಕೊರ್ಸಾ' ಆಟದಿಂದ ಕವಲೊಡೆದು 'ಅಸೆಟ್ಟೊ ಕೊರ್ಸಾ ಕಾಂಪಿಟಿಜಿಯೋನೆ' ಬಂತು. ಶುರುವಿನಲ್ಲಿ ಅದರ ಕೇಂದ್ರವೆಲ್ಲ ಜಿಟಿ3 ಎಂಬ ಒಂದೇ ದರ್ಜೆಯ ರೇಸು. ಮಳೆ ಬಂದರೆ ಟೈರು ಬದಲಿಸಬೇಕು, ರಾತ್ರಿಯಾದರೆ ಕತ್ತಲಲ್ಲೇ ಓಡಿಸಬೇಕು.

ಆಟಗಳೇನೋ ಚೆನ್ನಾಗಿವೆ, ನಾನು ಕೂತು ನೋಡಿದ್ದೇನೆ. ಆದರೆ ಬಾಣದ ಕೀಲಿ ಒತ್ತಿ ಅಲ್ಲಿ ಪಂದ್ಯ ಗೆಲ್ಲಲಾಗದು. ಪಾರ್ಕ್ ಲೇನ್‌ನ ಸಿಟಿಸಿಯಲ್ಲಿ ವಿಚಾರಿಸಿ ನೋಡಿ, ಸಾಧಾರಣ ಸ್ಟೀರಿಂಗ್-ಪೆಡಲಿನ ಸೆಟ್ಟಿಗೇ 20-30 ಸಾವಿರ ರೂಪಾಯಿ ಆಗುತ್ತದೆ, ಕಂಪ್ಯೂಟರಿನ ಖರ್ಚು ಬೇರೆ. ಆಟದೊಳಗೆ ತಕ್ಕಡಿ ಸರಿಹೋಗುತ್ತಾ ಬಂದ ಹಾಗೆ ಆಟದ ಬಾಗಿಲು ಕಿರಿದಾಯಿತು ಅಂತ ನನಗನ್ನಿಸುತ್ತದೆ. ನಮ್ಮ ಚಹಾದ ಹುಡುಗ ಇಲ್ಲಿ ಟ್ರೇ ಎಲ್ಲಿಡಬೇಕು?

ಹಾಗಂತ ಇದು ಬರೀ ಮಕ್ಕಳಾಟ ಅನ್ನಲೂ ಬಾರದು. 2008ರಲ್ಲಿ ಶುರುವಾದ 'ಜಿಟಿ ಅಕಾಡೆಮಿ' ಪರದೆಯ ಮೇಲೆ ಗೆದ್ದವರನ್ನು ನಿಜವಾದ ರೇಸ್ ಕಾರಿಗೆ ಹತ್ತಿಸಿತು. 2014ರಲ್ಲಿ ಭಾರತದವರಿಗೂ ಅವಕಾಶ ಕೊಟ್ಟಿತು. 2023ರ ಫೆಬ್ರವರಿ 11ರಂದು ನಮ್ಮ ಹುಸೇನ್ ಸಾಗರದ ದಂಡೆಯಲ್ಲಿ ಫಾರ್ಮುಲಾ ಇ ರೇಸು ನಡೆದದ್ದು ನೆನಪಿದೆಯಲ್ಲ? ಸುಮಾರು 2.8 ಕಿಲೋಮೀಟರ್ ದಾರಿ, 18 ತಿರುವು, ಗೆದ್ದದ್ದು ಫ್ರಾನ್ಸಿನ ಜಾನ್-ಎರಿಕ್ ವೆರ್ನ್. ಹೊಸ ಬೀದಿ ಟ್ರ್ಯಾಕಿನಲ್ಲಿ ಮುಂಚಿತವಾಗಿ ಓಡಿಸಿ ಅಭ್ಯಾಸ ಮಾಡಲು ಯಾರಿಗೂ ಆಗುವುದಿಲ್ಲ. ಇಂಥ ತಂಡಗಳು ತಿರುವುಗಳನ್ನು ಕಲಿಯುವುದು ಸಿಮ್ಯುಲೇಟರಿನಲ್ಲೇ. 2024ರ ರೇಸು ರದ್ದಾಯಿತು ಬಿಡಿ.

ಅಕ್ಕನಿಗಿದ್ದ ಇನ್ನೊಂದು ಹೆದರಿಕೆ, ಇದು ಜೂಜಲ್ಲವೇ ಅಂತ. ಅಲ್ಲ. 2025ರಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿ ಗುರುತಿಸಿದೆ. ಕೊಡಿಸುವ ಮೊದಲು ಪಂದ್ಯ ಯಾವ ಆಟದಲ್ಲಿ ನಡೆಯುತ್ತದೆ ಅಂತ ಕೇಳಿಕೊಳ್ಳಿ ಎಂದೆ. ಯಾಕೆಂದರೆ ಗ್ರಾನ್ ಟುರಿಸ್ಮೊದವರು ಈಗ ಪಂದ್ಯಕ್ಕೆ ಬೇರೆ ಆಟ ಇಟ್ಟುಕೊಂಡಿಲ್ಲ. 2022ರ ಏಳನೆಯ ಆಟದಲ್ಲೇ ಎರಡನ್ನೂ ಕೂಡಿಸಿದ್ದಾರೆ. ಐಚಿ-ನಗೋಯಾ ಏಷ್ಯನ್ ಕ್ರೀಡಾಕೂಟದ ಪಟ್ಟಿಗೆ ಸೇರಿದ್ದೂ ಅದೇ. 'ಸ್ಪೋರ್ಟ್'ನ ಆನ್‌ಲೈನ್ ಸೇವೆಯನ್ನು 2024ರ ಜನವರಿ 31ರಂದು ಮುಚ್ಚಿದರು. ವರ್ಷಗಟ್ಟಲೆ ಕೂಡಿಸಿದ ಸಭ್ಯತೆಯ ಅಂಕದಿಂದ ಇನ್ನು ಆಡಲು ಪಂದ್ಯವೇ ಇಲ್ಲ.

ನಮ್ಮ ಕೆಫೆ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಅಂಗಡಿ. ಆದರೆ ನೇಷನ್ಸ್‌ನ 2008ರ ರೂಪ, 'ನೇಷನ್ಸ್ ಫಾರೆವರ್', ಇವತ್ತಿಗೂ ಇದೆ, ಇವತ್ತಿಗೂ ಆಡುವವರಿದ್ದಾರೆ, ಇವತ್ತಿಗೂ ಉಚಿತ. ಇದಿಷ್ಟನ್ನೂ ಫೋನಿನಲ್ಲಿ ಹೇಳಿ ಉಸಿರು ಬಿಟ್ಟೆ. ಅಕ್ಕ ಕೇಳಿದ್ದು ಒಂದೇ ಮಾತು:

"ಏನಂದ್ರಿ ಸರ್, ಕಡೀದು? ಪುಕ್ಕಟ್ ಅದ ಅಂದ್ರೇನು?"