ಕೂಗುವ ಅಪ್ಪ, ಬರೆಯುವ ತಂದೆ: ‘ಡ್ಯಾಡ್’ ಪದಮೂಲದ ಒಂದು ವಿಚಾರ

ಇಂಗ್ಲಿಷಿನ ‘ಡ್ಯಾಡ್’ ವೆಲ್ಶ್ ಭಾಷೆಯ ‘ಟಾಡ್’ನಿಂದ ಬಂತೆಂಬ ಊಹೆ ಹಳೆಯದು. ನಮ್ಮ ‘ಅಪ್ಪ’ನನ್ನು ಅರಮಾಯಿಕ್‌ನ ‘ಅಬ್ಬಾ’ಕ್ಕೆ ಗಂಟು ಹಾಕುವವರೂ ಇದ್ದಾರೆ. ಎರಡರ ದೋಷವೂ ಒಂದೇ. ದಾವಣಗೆರೆ–ಹರಿಹರದ ಆಡುಮಾತನ್ನು ಪಕ್ಕದಲ್ಲಿಟ್ಟು ನೋಡಿದರೆ ಅದು ತಿಳಿಯುತ್ತದೆ.

ಈ ಸೀಮೆಯಲ್ಲಿ ಮಗ ‘ಯಪ್ಪಾ’ ಎಂದು ಕೂಗುತ್ತಾನೆ. ತಂದೆಯೂ ಮಗನಿಗೆ ‘ಬಾರಪ್ಪಾ’ ಅನ್ನುತ್ತಾನೆ. ಗುರುತಿಲ್ಲದ ಗಿರಾಕಿಗೂ ‘ಏನ್ ಬೇಕಪ್ಪಾ’ ಸಲ್ಲುತ್ತದೆ. ಕೊಂಡಜ್ಜಿ ಬಸಪ್ಪ, ಶಾಮನೂರು ಶಿವಶಂಕರಪ್ಪ ಎಂಬ ಹೆಸರುಗಳ ತುದಿಯಲ್ಲಿ ‘ಅಪ್ಪ’ ಸೂಚಿಸುವುದು ಪಿತೃತ್ವವನ್ನಲ್ಲ, ಗೌರವವನ್ನು. ತೊಟ್ಟಿಲ ಕೂಸಿಗೇ ಬಸಪ್ಪನೆಂದು ಹೆಸರಿಡುತ್ತೇವಲ್ಲ! ಆದರೆ ‘ತಂದೆ, ಊಟಕ್ಕೆ ಬಾ’ ಎಂಬ ಮಾತು ಮನೆಗಳಲ್ಲಿ ಕೇಳಿಸದು. ತಂದೆ ಅರ್ಜಿಯ, ವಂಶಾವಳಿಯ ಪದ. ದೇವರ ಮುಂದೆ ನಿಂತಾಗಷ್ಟೇ ಸಂಬೋಧನೆ.

‘ತಂದೆ’ಯ ಒಳರಚನೆಯನ್ನು ಬಿಡಿಸಿ ತೋರಿಸಬಹುದು. ಹಳೆಯ ತಮಿಳಿನಲ್ಲಿ ‘ಎಂದೈ’ ಎಂದರೆ ನನ್ನ ತಂದೆ, ‘ನುಂದೈ’ ನಿನ್ನ ತಂದೆ, ‘ತಂದೈ’ ಅವನ ತಂದೆ. ಕನ್ನಡದಲ್ಲಿ ಮೂರನೆಯದೊಂದೇ ಉಳಿದು, ಆದಿಯ ‘ತಮ್’ ಅರ್ಥ ಕಳೆದುಕೊಂಡಿತು. ಹಾಗಾಗಿಯೇ ಈಗ ‘ನನ್ನ ತಂದೆ’ ಎನ್ನಲು ಅಡ್ಡಿಯಿಲ್ಲ. ‘ತಂಗಿ’ಯದೂ ಇದೇ ಕಥೆ. ‘ಫಾದರ್’ಗೂ ಇಂಥ ಸಾಕ್ಷ್ಯವಿದೆ: ಸಂಸ್ಕೃತದ ‘ಪಿತೃ’, ಲ್ಯಾಟಿನ್ನಿನ ‘ಪಾತೆರ್’ಗಳ ಪಕಾರಕ್ಕೆ ಜರ್ಮ್ಯಾನಿಕ್ ಭಾಷೆಗಳಲ್ಲಿ ಫಕಾರ ಬರುವುದು ಭಾಷಾವಿಜ್ಞಾನಿ ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ ನಿಯಮ.

‘ಅಪ್ಪ’ನಂತೆ ಕೂಗುವ ಪದವಾದ ‘ಡ್ಯಾಡ್’ 16ನೇ ಶತಮಾನದಿಂದ ಬರಹದಲ್ಲಿ ಕಾಣುತ್ತದೆ. ಬಾಯಲ್ಲಿ ಅದಕ್ಕೂ ಹಿಂದೆ ಇದ್ದಿರಬೇಕು. ಮಾನವಶಾಸ್ತ್ರಜ್ಞ ಜಾರ್ಜ್ ಪೀಟರ್ ಮರ್ಡಾಕ್ ಕಲೆಹಾಕಿದ ಬಂಧುವಾಚಕಗಳನ್ನು ಆಧರಿಸಿ ಭಾಷಾವಿಜ್ಞಾನಿ ರೋಮನ್ ಯಾಕಬ್‌ಸನ್ 1960ರಲ್ಲಿ ತೋರಿಸಿದಂತೆ, ತೊದಲು ಬಾಯಿಗೆ ಸುಲಭವಾದ ಪ, ಬ, ಮ, ತ, ದಗಳಂಥ ಧ್ವನಿಗಳಿಂದಲೇ ಇಂಥ ಪದಗಳು ಹೆಚ್ಚಾಗಿ ಹುಟ್ಟುತ್ತವೆ. ಜಾರ್ಜಿಯನ್ ಭಾಷೆಯಲ್ಲಿ ‘ಮಾಮಾ’ ಅಂದರೆ ತಂದೆ, ‘ದೇದಾ’ ತಾಯಿ! ಹಾಗಾಗಿ ಇಂಥ ಪದಗಳಲ್ಲಿ ಧ್ವನಿಸಾಮ್ಯವೊಂದೇ ರಕ್ತಸಂಬಂಧಕ್ಕೆ ಪುರಾವೆಯಾಗದು.

ಎರವಲು ಆಗಲೇ ಇಲ್ಲವೆಂದಲ್ಲ. ‘ಅಬ್ಬಾ’ ಗ್ರೀಕ್, ಲ್ಯಾಟಿನ್ ದಾಟಿ ಇಂಗ್ಲಿಷಿನಲ್ಲಿ ಮಠಾಧಿಪತಿ ಎಂಬ ಅರ್ಥದ ‘ಅಬಟ್’ ಆದದ್ದು ಕ್ರೈಸ್ತ ಮಠಗಳ ಮೂಲಕ. ಗುಜರಾತಿಯ ‘ಬಾಪು’ ಗಾಂಧೀಜಿಯಿಂದಾಗಿ ಕನ್ನಡಕ್ಕೆ ಬಂದು, ದಾವಣಗೆರೆಯಲ್ಲಿ 1958ರಲ್ಲಿ ಆರಂಭವಾದ ಬಾಪೂಜಿ ವಿದ್ಯಾಸಂಸ್ಥೆಯ ಹೆಸರಾಯಿತು. ಇವೆರಡರ ದಾರಿಯೂ ದಾಖಲೆಯಲ್ಲಿದೆ. ‘ಟಾಡ್’ನಿಂದ ‘ಡ್ಯಾಡ್’ಗೆ, ‘ಅಬ್ಬಾ’ದಿಂದ ‘ಅಪ್ಪ’ನಿಗೆ ಅಂಥ ದಾರಿಯನ್ನು ಯಾರೂ ತೋರಿಸಿಲ್ಲ. ಬರೊ ಮತ್ತು ಎಮಿನೊ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು (1961) ‘ಅಪ್ಪ’ನನ್ನು ತಮಿಳು, ಮಲಯಾಳಂಗಳ ‘ಅಪ್ಪನ್’ ಜೊತೆ ದ್ರಾವಿಡ ಪದವಾಗಿಯೇ ಇರಿಸಿದೆ.